ಇಪ್ಪತ್ತೇಳನೇ ರಾತ್ರಿಯ ಶರಬತ್ತು

ಮುಮ್ತಾಜ್‌ಗೆ ವಾಸನೆ ಗೊತ್ತಾಗುತ್ತಿರಲಿಲ್ಲ. ಕೊರೋನಾ ಎರಡನೇ ಸಲ ಬಂದಾಗ ಮಲಗಿದವಳು ಎದ್ದು ಕೂತಾಗ ಜ್ವರ ಹೋಗಿತ್ತು, ಕೆಮ್ಮು ಹೋಗಿತ್ತು, ಅವುಗಳ ಬೆನ್ನಿಗೇ ವಾಸನೆಯೂ ಹೋಗಿತ್ತು. ತಿಂಗಳೊಪ್ಪತ್ತಿನಲ್ಲಿ ಬರುತ್ತದೆ ಎಂದು ಡಾಕ್ಟರು ಹೇಳಿದರು. ವರ್ಷಗಳಾದರೂ ಬರಲಿಲ್ಲ. ನಾಲಿಗೆಗೆ ಸಿಹಿ, ಉಪ್ಪು, ಹುಳಿ, ಕಹಿ ಇಷ್ಟು ಉಳಿದವು. ಬಾಯಿಗೆ ಹಾಕಿಕೊಂಡರೆ ಏಲಕ್ಕಿ ಪುಡಿಯೂ ಮರದ ಪುಡಿಯೂ ಅವಳಿಗೆ ಒಂದೇ.

ಬೇರೆಯವರಿಗಾಗಿದ್ದರೆ ನಾಲ್ಕು ಜನರಿಗೆ ಹೇಳಿಕೊಂಡು ಹಗುರಾಗುತ್ತಿದ್ದರು. ಮುಮ್ತಾಜ್‌ಗೆ ಹೇಳಿಕೊಳ್ಳುವಂತಿರಲಿಲ್ಲ. ದಾವಣಗೆರೆಯ ಆ ಓಣಿಯಲ್ಲಿ ಅವಳನ್ನು ಕರೆಯುತ್ತಿದ್ದದ್ದೇ ಶರಬತ್ ಮುಮ್ತಾಜ್ ಎಂದು. ಬೇಸಿಗೆ ಬಂದರೆ ಸೊಗದೆ ಬೇರು ಕುದಿಸಿ ನನ್ನಾರಿ ಪಾಕ ಮಾಡಿ ಬಾಟಲಿಗೆ ತುಂಬುತ್ತಿದ್ದಳು. ಮಳೆ ಹಿಡಿದರೆ ಶುಂಠಿ, ಮೆಣಸು, ತುಳಸಿಯ ಕಷಾಯ. ಮೊಹರಂಗೆ ಸೋಂಪು ಹಾಕಿದ ಬೆಲ್ಲದ ಶರಬತ್ತು, ಮದುವೆಗೆ ಬಾದಾಮಿ ಹಾಲು, ಬಾಣಂತಿಯರಿಗೆ ಓಮದ ನೀರು. ಶಾಲೆಗೆ ಮೂರನೇ ಕ್ಲಾಸಿನವರೆಗೆ ಹೋದವಳು. ಗಂಡ ಜಮಾಲ್ ಸಾಬ್‌ನದು ಮಂಡಕ್ಕಿ ಭಟ್ಟಿ. ಅಲ್ಲಿ ಅವಳ ಮಾತಿಗೆ ಜಾಗವಿರಲಿಲ್ಲ. ಜನ ಅವಳ ಹೆಸರು ಹಿಡಿದು ಮನೆಗೆ ಬರುತ್ತಿದ್ದದ್ದು ಈ ಕುಡಿಯುವ ಪದಾರ್ಥಗಳಿಗಾಗಿ ಮಾತ್ರ.

ಎಲ್ಲಕ್ಕಿಂತ ದೊಡ್ಡದು ರಂಜಾನಿನ ಇಪ್ಪತ್ತೇಳನೇ ರಾತ್ರಿ. ಅಂದು ಮಸೀದಿಯಲ್ಲಿ ರೋಜಾ, ಅಂದರೆ ದಿನದ ಉಪವಾಸ, ಬಿಡುವವರಿಗೆಲ್ಲ ಹಾಲಿನ ಶರಬತ್ತು ಹೋಗುತ್ತಿದ್ದದ್ದು ಈ ಮನೆಯಿಂದ. ಅದನ್ನು ಮಾಡುವ ದೊಡ್ಡ ಪಾತ್ರೆ, ಕಲಾಯಿ ಹಾಕಿದ ತಾಮ್ರದ ದೇಗನ್ನು ಅತ್ತೆ ಸಾಯುವ ಮೊದಲು ಇಬ್ಬರು ಸೊಸೆಯರ ಪೈಕಿ ಮುಮ್ತಾಜ್‌ಗೆ ಕೊಟ್ಟಿದ್ದಳು. ಪಕ್ಕದ ಮನೆಯಲ್ಲಿರುವ ಕಿರಿ ಸೊಸೆ ನುಜತ್ ಅದನ್ನು ಮರೆತಿರಲಿಲ್ಲ. ಸಿಕ್ಕಾಗಲೆಲ್ಲ ನಗುನಗುತ್ತಲೇ ಕೇಳುತ್ತಿದ್ದಳು: "ಭಾಬಿ, ಕೈ ನೋವು ಅಂತಿದ್ರಿ, ಈ ಸಲ ದೇಗು ನಾ ಇಳಿಸ್ಲೇನು?"

"ದೇಗು ಎತ್ತೋ ಕೈ ನೋಯಂಗಿಲ್ಲ ನುಜತ್. ಬರೇ ಮಾತಾಡೋ ಬಾಯಿ ನೋಯ್ತೈತಿ" ಎನ್ನುತ್ತಿದ್ದಳು ಮುಮ್ತಾಜ್.

ಮೂಗು ಹೋದ ವಿಷಯ ಗೊತ್ತಿದ್ದದ್ದು ಮಗಳು ಸನೋಬರ್‌ಗೆ ಒಬ್ಬಳಿಗೆ. ತಾಯಿ ಕಲಸುವುದು, ಮಗಳು ಮೂಸುವುದು. ಕಷಾಯಕ್ಕೆ ಮಗಳು ಬೇಕಾಗಿರಲಿಲ್ಲ, ಮೆಣಸು ಗಂಟಲು ಸುಡುವುದು ಮುಮ್ತಾಜ್‌ಗೆ ತಿಳಿಯುತ್ತಿತ್ತು. ನನ್ನಾರಿಗೆ ಬಣ್ಣ ನೋಡಿ ಅಂದಾಜು ಕಟ್ಟುತ್ತಿದ್ದಳು. ರಂಜಾನಿನಲ್ಲಿ ಮಾತ್ರ ಕಷ್ಟ. ಉಪವಾಸದಲ್ಲಿ ಯಾರೂ ರುಚಿ ನೋಡುವ ಹಾಗಿಲ್ಲ. ಸಕ್ಕರೆಯನ್ನು ಅಳತೆಯಿಂದ, ಉಳಿದದ್ದನ್ನು ಮೂಗಿನಿಂದ ತಿಳಿಯಬೇಕು. ಅದಕ್ಕೇ ದೇಗು ಇಳಿಸಿದ ದಿನ ಅಡುಗೆಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು. ಯಾರಾದರೂ ಕೇಳಿದರೆ, ಹಾಲಿಗೆ ನಜರ್ ಆಗುತ್ತದೆ, ದೃಷ್ಟಿ ತಾಗುತ್ತದೆ ಎಂದು ಮುಮ್ತಾಜ್ ಹೇಳುತ್ತಿದ್ದಳು. ನಜರ್ ಎಂದರೆ ಮತ್ತೆ ಯಾರೂ ಮಾತಾಡುತ್ತಿರಲಿಲ್ಲ.

ಸನೋಬರ್‌ಗೆ ಹರಿಹರಕ್ಕೆ ಮದುವೆಯಾಯಿತು. ಗಂಡ ಮುದಸ್ಸಿರ್ ಲೇತ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಬಸ್ಸು ಹತ್ತಿದರೆ ಅರ್ಧ ಗಂಟೆಯ ದಾರಿ. ಮೊದಲ ವರ್ಷ ಕರೆದಾಗಲೆಲ್ಲ ಬಂದು ಮೂಸಿ ಹೋದಳು. ಆಮೇಲೆ ಅತ್ತೆ, "ನಿಮ್ಮಮ್ಮ ಶರಬತ್ತು ಮಾಡಾಕ ನಮ್ಮ ಸೊಸೀನೇ ಬೇಕೇನು?" ಎಂದು ಕೇಳತೊಡಗಿದಳು.

ಈ ವರ್ಷ ಆ ದಿನವೇ ಹರಿಹರದ ಮನೆಯಲ್ಲೂ ಇಫ್ತಾರ್ ಇತ್ತು. ಹಿಂದಿನ ದಿನ ಸನೋಬರ್ ಫೋನ್ ಮಾಡಿದಳು.

"ಅಮ್ಮೀ, ನಂಗೆ ಬರಾಕ ಆಗಂಗಿಲ್ಲ. ಈ ಸಲ ನುಜತ್ ಚಾಚಿಗೆ ಕೊಟ್ಟುಬಿಡು."

"ಕೊಟ್ರೆ ವಾಪಸ್ ಬರ್ತೈತೇನು ದೇಗು?"

"ಬರದಿದ್ರ ಬ್ಯಾಡ. ವಾಸ್ನಿ ತಿಳಿಯಂಗಿಲ್ಲ ಅಂತ ಹೇಳು. ಅದ್ರಾಗ ಮರ್ಯಾದಿ ಹೋಗೋದೇನೈತೆ?"

"ನಿಂಗೇನು ಗೊತ್ತು ಸುಮ್ನಿರು. ಇಷ್ಟು ವರ್ಷ ಮಾಡೀನಿ, ಕೈಗೆ ಗೊತ್ತೈತೆ."

ಕೈಗೆ ಗೊತ್ತಿತ್ತು, ನಿಜ. ಆದರೆ ಮಗಳು ಬಂದಾಗ ಮೂಸುವುದರ ಜೊತೆಗೆ ಇನ್ನೇನೇನು ಸರಿಪಡಿಸುತ್ತಿದ್ದಳು ಎಂಬುದು ತಾಯಿಗೆ ಗೊತ್ತಿರಲಿಲ್ಲ. ಸನೋಬರ್ ಅದನ್ನೆಲ್ಲ ಹೇಳುತ್ತಿರಲಿಲ್ಲ, ಮಾಡಿಬಿಡುತ್ತಿದ್ದಳು.

ಬೆಳಿಗ್ಗೆ ವೀರೇಶ್ ಹಾಲು ತಂದ. ಅವನ ತಂದೆ ಬಕ್ಕೇಶಪ್ಪ ಮತ್ತು ಜಮಾಲ್ ಸಾಬ್‌ನ ತಂದೆ ಒಂದೇ ಹತ್ತಿ ಮಿಲ್ಲಿನಲ್ಲಿ, ಒಂದೇ ಪಾಳಿಯಲ್ಲಿ ದುಡಿದವರು. ಮಿಲ್ಲು ಮುಚ್ಚಿತು, ಇಬ್ಬರೂ ಸತ್ತರು. ಆದರೆ ಇಪ್ಪತ್ತೇಳನೇ ರಾತ್ರಿಯ ಹಾಲು ಬಕ್ಕೇಶಪ್ಪನ ಮನೆಯಿಂದ ಬರುವುದು ನಿಲ್ಲಲಿಲ್ಲ. ಬಸವ ಜಯಂತಿಯ ಪಾನಕಕ್ಕೆ ಮುಮ್ತಾಜ್‌ಳ ನನ್ನಾರಿ ಪಾಕ ಆ ಮನೆಗೆ ಹೋಗುವುದೂ ನಿಲ್ಲಲಿಲ್ಲ. ವೀರೇಶ್ ತಾಯಿ ಗುರುಶಾಂತಮ್ಮನ ಜೊತೆ ಎಸ್.ಎಸ್. ಬಡಾವಣೆಯಲ್ಲಿದ್ದು, ಊರ ಹೊರಗೆ ಶೆಡ್ ಹಾಕಿ ಎಮ್ಮೆ ಕಟ್ಟಿದ್ದ. ಈ ಓಣಿಯ ಹನ್ನೊಂದು ಮನೆಗೆ ಅವನದೇ ಹಾಲು.

"ಚಾಚಿ, ಮೂವತ್ತು ಲೀಟರ್ ಐತೆ. ಒಂದು ಹನಿ ನೀರಿಲ್ಲ. ಬೇಕಾದ್ರ ಎಮ್ಮೀನ್ನ ಕೇಳ್ರಿ" ಎಂದ.

"ನಿಮ್ಮ ಎಮ್ಮಿ ನಿನ್ನಂಗ ಸುಳ್ಳು ಹೇಳಂಗಿಲ್ಲ ಬಿಡು" ಎಂದು ಮುಮ್ತಾಜ್ ಕ್ಯಾನು ಒಳಗೆ ತೆಗೆದುಕೊಂಡಳು.

ಹಾಲು ಚೆನ್ನಾಗಿ ಕಾಯಿತು, ಒಡೆಯಲಿಲ್ಲ. ಅದನ್ನು ಆರಲು ಬಿಟ್ಟು, ನೆನೆಸಿದ ಬಾದಾಮಿ ರುಬ್ಬಿದಳು. ಅದನ್ನು ಸೋಸುವುದಕ್ಕೆ ಬೇರೆಯೇ ಬಟ್ಟೆಯಿತ್ತು. ಅತ್ತೆ ಹಜ್‌ನಿಂದ ತಂದ ಬಿಳಿ ಮಲ್‌ಮಲ್. ವರ್ಷಕ್ಕೆ ಒಂದೇ ದಿನ ಅದು ಹೊರಗೆ ಬರಬೇಕು, ಇಪ್ಪತ್ತೇಳನೇ ರಾತ್ರಿಯ ಶರಬತ್ತನ್ನು ಅದರಲ್ಲೇ ಸೋಸಬೇಕು, ಒಗೆದು ಮತ್ತೆ ಟ್ರಂಕಿಗೆ ಇಡಬೇಕು. ಅತ್ತೆ ಹಾಕಿಕೊಟ್ಟ ಪದ್ಧತಿ. ಟ್ರಂಕಿನಲ್ಲಿ ಮದುವೆ ಬಟ್ಟೆಗಳೂ ಇದ್ದವು. ಹೋದ ಮಳೆಗಾಲದಲ್ಲಿ ಹುಳು ಬಿದ್ದು ಒಂದು ಶಾಲು ತೂತಾದ ಮೇಲೆ ಮುಮ್ತಾಜ್ ಅಲ್ಲಿ ಡಾಂಬರು ಗುಳಿಗೆ ಹಾಕಿದ್ದಳು. ನಾಲ್ಕು ಹಾಕುವ ಕಡೆ ಒಂದು ಹಿಡಿ. ಎಷ್ಟು ಹಾಕಿದರೂ ಅವಳಿಗೆ ಅದೇನೂ ಅನಿಸುವಂತಿರಲಿಲ್ಲ.

ಗುಳಿಗೆ ಕರಗಿ ಚೂರಾಗಿದ್ದವು. ಬಟ್ಟೆಯನ್ನು ಕೊಡವಿದಳು, ತಣ್ಣೀರಿನಲ್ಲಿ ಅದ್ದಿ ಹಿಂಡಿದಳು, ಬಾಗಿಲು ಹಾಕಿಕೊಂಡಳು. ಮೊದಲು ಬಾದಾಮಿ, ಆಮೇಲೆ ಕೇಸರಿ ಕದಡಿದ ಹಾಲು, ಎಲ್ಲವನ್ನೂ ಅದರಲ್ಲೇ ಸೋಸಿದಳು. ಸಕ್ಕರೆ ಅಳೆದು ಹಾಕಿದಳು. ನೆನೆದ ಕಾಮಕಸ್ತೂರಿ ಬೀಜ ಹಾಕಿದಳು. ಕೇದಗೆ ಹೂವಿನ ಪರಿಮಳದ ಕೇವಡಾ ನೀರನ್ನು ಮುಚ್ಚಳದಲ್ಲಿ ಅಳೆದು ಹಾಕಿದಳು. ಇಳಿಹೊತ್ತಿನ ಅಸರ್ ನಮಾಜಿಗೆ ಸರಿಯಾಗಿ ಐಸು ಬಂತು. ನೋಡಲು ದೇಗು ಯಾವ ವರ್ಷಕ್ಕೂ ಕಡಿಮೆಯಿರಲಿಲ್ಲ. ಹಳದಿ ಹಾಲಿನ ಮೇಲೆ ಕಾಮಕಸ್ತೂರಿ ಬೀಜ ತೇಲುತ್ತಿದ್ದವು.

ದೇಗು ಒಯ್ಯಲು ಬಂದ ಜಮಾಲ್ ಸಾಬ್ ಬಗ್ಗಿದವನು ಹಾಗೇ ನಿಂತ. ದಿನವೆಲ್ಲ ಭಟ್ಟಿಯ ಹೊಗೆ ಕುಡಿದ ಮೂಗು ಅವನದು.

"ಏನೋ ಹೊಸಾ ವಾಸ್ನಿ ಬರ್ತೈತಲ್ಲ ಇವಳೇ?"

ಮೂಸಿ ನೋಡು ಎಂದು ಮುಮ್ತಾಜ್ ನುಜತ್‌ಳನ್ನು ಕೂಗಿದ್ದರೆ ಸಾಕಿತ್ತು. ಒಂದು ಗೋಡೆಯಾಚೆ ಇದ್ದಳು.

"ಕೇವಡಾ ಜಾಸ್ತಿ ಹಾಕೀನಿ. ಹೋದ ವರ್ಷ ಕಮ್ಮಿ ಆತು ಅಂದಿದ್ರಲ್ಲ" ಎಂದಳು.

ಅವನು ತಲೆಯಾಡಿಸಿದ. ದೇಗಿನ ಬಾಯಿಗೆ ತಟ್ಟೆ ಮುಚ್ಚಿ ಬಟ್ಟೆ ಕಟ್ಟಿದರು. ಇಬ್ಬರು ಬಂದು ಎತ್ತಿಕೊಂಡು ಹೋದರು. ಅಕ್ಕಪಕ್ಕದ ಮನೆಗಳಿಗೂ ಒಂದೊಂದು ಜಗ್ಗು ಹೋಯಿತು.

ಅಜಾನ್ ಆಯಿತು. ಮುಮ್ತಾಜ್ ಖರ್ಜೂರ ಕಚ್ಚಿ, ತನ್ನ ಲೋಟದ ಶರಬತ್ತನ್ನು ಒಂದೇ ಉಸಿರಿಗೆ ಕುಡಿದಳು. ತಣ್ಣಗಿತ್ತು, ಸಿಹಿ ಸರಿಯಾಗಿತ್ತು. ಇನ್ನೊಂದು ಲೋಟ ಹಾಕಿಕೊಂಡಳು. ಅದು ಅರ್ಧವಾಗುವಷ್ಟರಲ್ಲಿ ನುಜತ್ ಜಗ್ಗು ಹಿಡಿದುಕೊಂಡೇ ಒಳಗೆ ಬಂದಳು.

"ಭಾಬಿ, ಏನು ಹಾಕೀರಿ ಇದ್ರಾಗ? ಥೂ, ಫಿನಾಯಿಲ್ ಇದ್ದಂಗೈತಿ! ನಮ್ಮೋರು ಅಲ್ಲೇ ಕಾರಿಕೊಂಡ್ರು. ನೀವು... ನೀವು ಕುಡೀತೀರಲ್ರಿ?"

ಮುಮ್ತಾಜ್ ಲೋಟ ಕೆಳಗಿಟ್ಟಳು.

ಮಸೀದಿಯ ಕಡೆಯಿಂದ ಗದ್ದಲ ಕೇಳುತ್ತಿತ್ತು. ದಿನವಿಡೀ ಬರೀ ಹೊಟ್ಟೆಯಲ್ಲಿದ್ದವರು ದೊಡ್ಡ ಗುಟುಕು ಎಳೆದಿದ್ದರು. ಕೆಲವರು ಉಗಿದರು, ಕೆಲವರು ವಾಂತಿ ಮಾಡಿದರು. ಮೂವರು ಮುದುಕರನ್ನು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದರು. ಏನೂ ಆಗಲಿಲ್ಲ, ತಿರುಗಿ ಬಂದರು. ಸೀಮೆಎಣ್ಣೆ ಎಂದ ಒಬ್ಬ. ಹೊಲಕ್ಕೆ ಹೊಡೆಯುವ ಔಷಧಿ ಎಂದ ಇನ್ನೊಬ್ಬ. ಆಮೇಲೆ ಯಾರೋ ಕೇಳಿದರು, ಹಾಲು ಯಾರ ಮನೆಯದು ಎಂದು. ಅಲ್ಲಿಂದಾಚೆ ಬೇರೆ ಯಾವ ಪ್ರಶ್ನೆಯೂ ಬರಲಿಲ್ಲ.

ಜಮಾಲ್ ಸಾಬ್ ಖಾಲಿ ದೇಗು ತಂದು ಅಂಗಳದಲ್ಲಿ ಇಳಿಸಿದ. ಶರಬತ್ತನ್ನೆಲ್ಲ ಚರಂಡಿಗೆ ಸುರಿದಿದ್ದರು.

"ಹಾಲಿಗೇ ಏನೋ ಹಾಕಿದ್ರು ಅಂತಾರೆ. ಪೊಲೀಸ್ ತನಕ ಹೋಗೋದು ಬ್ಯಾಡ ಅಂತ ಹಿರೇರು ತಡದಾರೆ. ನಿಂಗೇನರ ಅನಿಸ್ತೇನು, ಕಾಸುವಾಗ?"

"ನಂಗೇನೂ ಅನಿಸ್ಲಿಲ್ಲ" ಎಂದಳು ಮುಮ್ತಾಜ್. ಅದು ಸುಳ್ಳಲ್ಲ.

ಮರುದಿನ ಬೆಳಿಗ್ಗೆ ಯಾರದೋ ವಾಯ್ಸ್ ಮೆಸೇಜು ಹರಿಹರಕ್ಕೂ ಮುಟ್ಟಿತು. ಹೊರಗಿನವರ ಹಾಲು ಕುಡಿಯಬೇಡಿ ಎನ್ನುವ ದನಿ. ಸನೋಬರ್ ಅತ್ತೆಯನ್ನು ಕೇಳದೆ ಬಸ್ಸು ಹತ್ತಿ ಬಂದಳು. ದೇಗು ಮೂಸಿದಳು. ತಂತಿಯ ಮೇಲೆ ಒಣಗುತ್ತಿದ್ದ ಮಲ್‌ಮಲ್ ಬಟ್ಟೆಯ ಹತ್ತಿರ ಹೋದವಳು ಮೂಗು ಹಿಡಿದುಕೊಂಡು ನಿಂತಳು. ಆಮೇಲೆ ಒಳಗೆ ಹೋಗಿ ಟ್ರಂಕ್ ತೆಗೆದಳು.

"ಅಮ್ಮೀ, ಎಷ್ಟು ಗುಳಿಗಿ ಹಾಕೀಯ?"

"ಒಂದು ಹಿಡಿ."

"ಪ್ರತಿ ವರ್ಷ ಟ್ರಂಕಿನ ವಾಸ್ನಿ ಹೋಗ್ಲಿ ಅಂತ ನಾ ಈ ಬಟ್ಟೀನ್ನ ಸೋಡಾ ಹಾಕಿ ಕುದಿಸಿ, ಎರಡು ದಿನ ಬಿಸಿಲಿಗೆ ಹಾಕ್ತಿದ್ದೆ. ನೋಡಿಲ್ಲೇನು ನೀನು?"

"ಒಗೀತಿ ಅಂದ್ಕೊಂಡಿದ್ದೆ."

ಸನೋಬರ್ ಟ್ರಂಕ್ ಮುಚ್ಚಿ ಅದರ ಮೇಲೇ ಕೂತಳು. "ವೀರೇಶಣ್ಣನ ಹಾಲಿಗೆ ಕೆಟ್ಟ ಹೆಸರು ಬಂದೈತಿ. ಇವತ್ತೇ ಹೇಳು. ಅಬ್ಬಾಗ ಹೇಳು, ಅವ್ರು ಮಸೀದ್ಯಾಗ ಹೇಳ್ತಾರೆ."

"ಈದ್ ಆಗ್ಲಿ. ಆಮ್ಯಾಲೆ ನಾನೇ ಹೇಳ್ತೀನಿ."

"ಈದ್ ತನಕ ಅವ್ನು ಏನು ಮಾಡ್ಬೇಕು?"

ಈದ್ ಆಗುವಷ್ಟರಲ್ಲಿ ಜನ ಮರೆತಾರು, ಹೇಳುವ ಪ್ರಸಂಗವೇ ಬರಲಿಕ್ಕಿಲ್ಲ ಎಂದು ಮುಮ್ತಾಜ್ ಲೆಕ್ಕ ಹಾಕುತ್ತಿದ್ದಳು.

ಪ್ರಸಂಗ ಮಾರನೆಯ ದಿನವೇ ಮನೆ ಬಾಗಿಲಿಗೆ ಬಂತು. ಗುರುಶಾಂತಮ್ಮ ಎಪ್ಪತ್ತು ದಾಟಿದವಳು, ಮಂಡಿ ನೋವಿನವಳು. ಆಟೋ ಇಳಿದು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಳು.

"ಬರ್ರಿ ಅಕ್ಕ, ಕೂಡ್ರಿ" ಎಂದು ಮುಮ್ತಾಜ್ ಕುರ್ಚಿ ಎಳೆದಳು.

"ಕೂಡಾಕ ಬಂದಿಲ್ಲ. ನನ್ನ ಮಗ ಹಾಲಿನ ಕ್ಯಾನ್ ತಗೊಂಡು ಬಂದ್ರ ನಿಮ್ಮ ಓಣ್ಯಾಗ ಬಾಗ್ಲಾ ಹಾಕ್ಕೊಂತಾರಂತ. ಹನ್ನೊಂದು ಮನೀನೂ ಬ್ಯಾಡ ಅಂದಾವು. ಅವ್ನು ಮನ್ಯಾಗ ಮಾತು ಬಿಟ್ಟಾನ. ಹಾಲು ಕಾಸಿದಾಕಿ ನೀನು. ಬ್ಯಾರೆ ಯಾರನ್ನೂ ಕೇಳಂಗಿಲ್ಲ ನಾನು. ಹೇಳು ಮುಮ್ತಾಜ್, ನಮ್ಮ ಹಾಲಾಗ ಏನಿತ್ತು?"

ಗೋಡೆಯಾಚೆ ನುಜತ್ ಪಾತ್ರೆ ತೊಳೆಯುವ ಸದ್ದು ನಿಂತಿತು. ಮುಮ್ತಾಜ್‌ಗೆ ಅದು ಕೇಳಿಸಿತು.

"ನಂಗೇನು ಗೊತ್ತು ಅಕ್ಕ" ಎಂದಳು. "ನೀವು ಕೊಟ್ಟಿದ್ದನ್ನ ನಾ ಕಾಸೀನಿ."

ಗುರುಶಾಂತಮ್ಮ ಅವಳ ಮುಖವನ್ನೇ ನೋಡುತ್ತ ನಿಂತಳು. ಒಳಗಿನಿಂದ ಸನೋಬರ್ ಹೊರಗೆ ಬಂದಳು.

"ಹಾಲಾಗ ಏನೂ ಇರ್ಲಿಲ್ಲ ದೊಡ್ಡಮ್ಮ. ಸೋಸೋ ಬಟ್ಟಿಗೆ ಡಾಂಬರ್ ಗುಳಿಗಿ ಹತ್ತಿತ್ತು. ನಮ್ಮಮ್ಮಗ ವಾಸ್ನಿ ಬರಂಗಿಲ್ಲ, ಕೊರೋನಾ ಆದಾಗಿಂದ. ಅದಕ್ಕೇ ತಿಳೀಲಿಲ್ಲ. ತಿಳಿದ ಮ್ಯಾಲೂ ಹೇಳ್ಲಿಲ್ಲ."

ಗುರುಶಾಂತಮ್ಮ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಮುಮ್ತಾಜ್ ಕಾಲು ಹಿಡಿಯಬಹುದಿತ್ತು. ಮುದುಕಿ ಸೆರಗು ಹೊದ್ದುಕೊಂಡು ಮೆಟ್ಟಿಲ ಕಡೆ ತಿರುಗಿದಳು.

"ಮೂಗಿಲ್ದಿದ್ರ ಇರ್ಲಿ ತಾಯಿ" ಎಂದಳು. "ಬಾಯಿ ಇತ್ತಲ್ಲ."

ಆಟೋ ಹೋಯಿತು. ಸನೋಬರ್ ಬ್ಯಾಗು ತೆಗೆದುಕೊಂಡು ಚಪ್ಪಲಿ ಮೆಟ್ಟಿದಳು. ರೋಜಾ ಬಿಟ್ಟು ಹೋಗು ಎಂದಳು ತಾಯಿ. ಅಲ್ಲೇ ಬಿಡ್ತೀನಿ ಎಂದಳು ಮಗಳು.

ಬಸ್ಸು ಹತ್ತುವ ಮೊದಲು ಮಗಳು ಭಟ್ಟಿಗೆ ಬಂದು ಎಲ್ಲ ತಿಳಿಸಿದ್ದಳು. ಸಂಜೆ ಜಮಾಲ್ ಸಾಬ್ ಮಸೀದಿಯಲ್ಲಿ ಎದ್ದು ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಕೆಲವರು ನಂಬಿದರು. ವೀರೇಶನನ್ನು ಉಳಿಸಲು ಹೆಂಡತಿಯ ಮೂಗು ಕೊಯ್ಯುತ್ತಿದ್ದಾನೆ ಎಂದು ಕೆಲವರು ನಕ್ಕರು. ನಾಲ್ಕು ಮನೆಯವರು ಮತ್ತೆ ಹಾಲು ಹಾಕು ಎಂದು ವೀರೇಶನಿಗೆ ಹೇಳಿ ಕಳಿಸಿದರು. ಅವನು ಆ ನಾಲ್ಕಕ್ಕೆ ಹಾಕಿದ, ಓಣಿಯ ಈ ತುದಿಗೆ ಬರಲಿಲ್ಲ. ಈದ್ ಆದ ವಾರಕ್ಕೆ ನುಜತ್ ಬಂದು ದೇಗು ಕೇಳಿದಳು, ಈ ಸಲ ನಗಲಿಲ್ಲ. ಮುಮ್ತಾಜ್ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಒರೆಸಿ ಕೊಟ್ಟಳು. ಬಸವ ಜಯಂತಿಗೆ ಎರಡು ಬಾಟಲಿ ನನ್ನಾರಿ ಪಾಕ ಎಸ್.ಎಸ್. ಬಡಾವಣೆಗೆ ಕಳಿಸಿದಳು, ಒಯ್ದ ಆಟೋದವನು ಎರಡನ್ನೂ ವಾಪಸ್ ತಂದು ಕಟ್ಟೆಯ ಮೇಲಿಟ್ಟು ಹೋದ. ಹರಿಹರಕ್ಕೆ ಫೋನ್ ಮಾಡಿದರೆ ಸನೋಬರ್ ಎತ್ತುತ್ತಿದ್ದಳು. ಊಟ ಆಯ್ತಾ, ಅಬ್ಬಾ ಹೆಂಗದಾರೆ ಎಂದು ಕೇಳಿ ಇಟ್ಟುಬಿಡುತ್ತಿದ್ದಳು. ಬರುತ್ತೇನೆ ಎನ್ನಲಿಲ್ಲ.

ಆ ರಂಜಾನಿನಲ್ಲಿ ಹೋದದ್ದು ಮೂವತ್ತು ಲೀಟರ್ ಹಾಲು, ಐದು ಕೆಜಿ ಸಕ್ಕರೆ, ಎರಡು ಕೆಜಿ ಬಾದಾಮಿ. ವೀರೇಶನಿಗೆ ಹೋದದ್ದು ಏಳು ಮನೆ. ಮುಮ್ತಾಜ್‌ಗೆ ಒಂದು ದೇಗು, ಒಬ್ಬ ಅಕ್ಕ, ಒಬ್ಬ ಮಗಳು.