ಅಂಗಳದ ಹತ್ತು ನಿಮಿಷ

ಮೆಟ್ಟಿಲಿನ ತಿರುವಿನಲ್ಲಿ ಶವಪೆಟ್ಟಿಗೆ ಸಿಕ್ಕಿಕೊಂಡಿತು. ಮುಂದೆ ಹಿಡಿದವರು ಎಳೆದರು, ಹಿಂದೆ ಹಿಡಿದವರು ತಡೆಯಿರಿ ಎಂದರು. ಹೆಡ್‌ಕ್ಲರ್ಕರು ಗೋಡೆಗೆ ಬೆನ್ನು ಒತ್ತಿ, ಎಡಮೂಲೆಗೆ ಹೆಗಲು ಕೊಟ್ಟು ನಿಂತರು. ಎಪ್ಪತ್ತು ದಾಟಿದವರು, ನಿಮಗೇಕೆ ಸರ್ ಎಂದು ತೀರಿಕೊಂಡ ಟೈಪಿಸ್ಟಮ್ಮನ ಅಳಿಯ ಎರಡು ಸಲ ಹೇಳಿದ್ದ. ಅವರು ಕೇಳಿರಲಿಲ್ಲ. ಪೆಟ್ಟಿಗೆಯಲ್ಲಿ ಭಾರವೇ ಇರಲಿಲ್ಲ. ಕಾಯಿಲೆ ಆರೇ ತಿಂಗಳಲ್ಲಿ ಆಕೆಯನ್ನು ಅರ್ಧಕ್ಕರ್ಧ ತಿಂದುಹಾಕಿತ್ತು.

ಕೆಳಗೆ ವ್ಯಾನಿನ ಹತ್ತಿರ ವಿಮಾ ಕಚೇರಿಯ ಹಳಬರು ನಿಂತಿದ್ದರು. ಆಕೆಯ ಬೆರಳಿನ ವೇಗ, ಮೇಲಧಿಕಾರಿಯ ವ್ಯಾಕರಣವನ್ನೇ ತಿದ್ದಿ ಟೈಪು ಮಾಡುತ್ತಿದ್ದ ಗತ್ತು, ಎಲ್ಲ ಮಾತಿಗೆ ಬಂತು. ಆಮೇಲೆ ಕ್ಯಾಷಿಯರ್ ತಲೆ ಕೊಡವಿದ.

“ಒಂದು ದಿನಾನೂ ಸೇದಿದೋರಲ್ಲ. ಶ್ವಾಸಕೋಶಕ್ಕೇ ಬಂತು ನೋಡಿ.”

ಹಣೆಬರಹ ಎಂದರು ಯಾರೋ. ಹೆಡ್‌ಕ್ಲರ್ಕರು ತಮ್ಮ ಬೂಟಿನ ತುದಿಯನ್ನೇ ನೋಡುತ್ತ ನಿಂತರು.

*

ಅವರೆಲ್ಲ ಕೆಲಸದಲ್ಲಿದ್ದ ಕಾಲಕ್ಕೆ ಕಚೇರಿಯ ನಾಲ್ಕನೆಯ ಮಹಡಿಯ ಹಾಲಿನಲ್ಲಿ ಹದಿನಾಲ್ಕು ಜನ ಗಂಡಸರು, ಒಬ್ಬಳೇ ಹೆಂಗಸು. ಕಾಗದ ಹಾರುತ್ತದೆಂದು ಕಿಟಕಿ ತೆರೆಯುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸಿಗರೇಟಿನ ಹೊಗೆಯಲ್ಲಿ ಈ ಗೋಡೆಯಿಂದ ಆ ಗೋಡೆ ಮಸುಕಾಗುತ್ತಿತ್ತು. ದಿನಕ್ಕೆ ಎರಡು ಪ್ಯಾಕು ಸುಡುತ್ತಿದ್ದ ಹೆಡ್‌ಕ್ಲರ್ಕರಿಗೆ ‘ಚಿಮಣಿ’ ಎಂಬ ಅಡ್ಡಹೆಸರು. ಅವರ ಮೇಜಿಗೂ ಆಕೆಯ ಟೈಪ್‌ರೈಟರಿಗೂ ಮೂರು ಮಾರು ದೂರ.

ಆಕೆ ಮೂರು ಅರ್ಜಿ ಕೊಟ್ಟಳು. ಒಂದಕ್ಷರ ತಪ್ಪಿಲ್ಲದ, ಅಚ್ಚುಕಟ್ಟಾದ ಅರ್ಜಿಗಳು: ಕೆಮ್ಮು ನಿಲ್ಲುತ್ತಿಲ್ಲ, ಸೇದುವವರು ಹೊರಗೆ ಹೋಗುವಂತೆ ಆದೇಶವಾಗಬೇಕು. ಮೂರನ್ನೂ ಅವರು ಡ್ರಾಯರಿನ ತಳಕ್ಕೆ ತಳ್ಳಿದರು. ಮೂರನೆಯದರ ಮಾರನೆಯ ದಿನ ಆಕೆ ಮೇಜಿನ ಮುಂದೆ ಬಂದು ನಿಂತಳು.

“ಓದಿದ್ರಾ ಸರ್?”

“ಓದಿದೆ. ನೋಡೋಣ.”

ಕಚೇರಿಯಲ್ಲಿ ‘ನೋಡೋಣ’ ಎಂದರೆ ಏನರ್ಥವೆಂದು ಆಕೆಗೂ ಗೊತ್ತಿತ್ತು. ಮತ್ತೆ ಕೇಳಲಿಲ್ಲ.

ಕಚೇರಿಯೊಳಗೆ ಸೇದಬಾರದೆಂಬ ಕಾನೂನು ಬಂದದ್ದು ಹನ್ನೊಂದು ವರ್ಷದ ಮೇಲೆ. ಗೋಡೆಗೆ ಫಲಕ ಬಡಿದರು, ಕಿಟಕಿ ತೆರೆಸಿದರು. ಹೆಡ್‌ಕ್ಲರ್ಕರು ಸರ್ಕಾರಕ್ಕೆ ಹಿಡಿಶಾಪ ಹಾಕುತ್ತ, ಮಂಡಿ ಹಿಡಿದುಕೊಂಡು ನಾಲ್ಕು ಮಹಡಿ ಇಳಿದು ಹಿಂದಿನ ಅಂಗಳಕ್ಕೆ ಹೋಗತೊಡಗಿದರು. ಎರಡನೆಯ ವಾರ ಒಂದು ಸಂಜೆ ನೋಡಿದರೆ ಆಕೆಯೂ ಇಳಿದು ಬಂದಿದ್ದಳು, ಹೊಗೆ ತಾಕದಂತೆ ಗಾಳಿ ಬರುವ ಕಡೆಗೆ ನಿಂತು.

“ಮೇಲೆ ಗಾಳಿ ಈಗ ಚೆನ್ನಾಗಿದೆ ಸರ್. ಮಾತಾಡೋರೇ ಇಲ್ಲ.”

ಆ ಹತ್ತು ನಿಮಿಷ ದಿನದ ರೂಢಿಯಾಯಿತು. ಮದುವೆಯ ವಯಸ್ಸನ್ನು ಕಡತಗಳ ನಡುವೆ ಕಳೆದಿದ್ದ ಅವರಿಗೆ, ಒಬ್ಬ ಹೆಂಗಸಿನ ಮನೆಯ ಸುದ್ದಿ ಇಷ್ಟು ರುಚಿಯಾಗಿರುತ್ತದೆಂದು ಆವರೆಗೆ ಗೊತ್ತಿರಲಿಲ್ಲ. ಗಂಡ ತೀರಿಕೊಂಡ ವರ್ಷ, ಮಗಳ ಲೆಕ್ಕದ ಪರೀಕ್ಷೆ, ಐವತ್ತನೆಯ ವಯಸ್ಸಿನಲ್ಲಿ ಈಜು ಕಲಿಯಲು ಹೊರಟದ್ದು. ಈಜುಕೊಳದ ಮೇಷ್ಟ್ರು ತನ್ನನ್ನು ತೇಲಿಸಲಾಗದೆ ತಾವೇ ನೀರು ಕುಡಿದರೆಂದು ಹೇಳುವಾಗ ಆಕೆ ನಕ್ಕಳು. ನಗು ಕೆಮ್ಮಾಯಿತು. ಗೋಡೆ ಹಿಡಿದು ಬಗ್ಗಿ, ಕಣ್ಣಲ್ಲಿ ನೀರು ಬರುವವರೆಗೂ ಕೆಮ್ಮಿದಳು.

ಅಂದೇ ಅವರು ಸೇದುವುದನ್ನು ಬಿಟ್ಟರು.

ಬಿಟ್ಟೆನೆಂದು ಮಾತ್ರ ಹೇಳಲಿಲ್ಲ. ಸೇದದವನಿಗೆ ಅಂಗಳದಲ್ಲೇನು ಕೆಲಸ? ದಿನಾ ಸಂಜೆ ಒಂದು ಸಿಗರೇಟು ಬೆರಳಲ್ಲಿ ಸಿಕ್ಕಿಸಿಕೊಂಡು ಇಳಿಯುವರು. ಒಂದು ದಿನ ಬೆಂಕಿಪೊಟ್ಟಣ ಮರೆತೆ ಎನ್ನುವರು, ಇನ್ನೊಂದು ದಿನ ಗಂಟಲು ಸರಿಯಿಲ್ಲ ಎನ್ನುವರು. ಹೀಗೆ ಎರಡು ವರ್ಷ. ಆಕೆ ನಿವೃತ್ತಳಾದ ದಿನವೂ ಹೊತ್ತಿಸದ ಸಿಗರೇಟು ಹಿಡಿದೇ ಇಳಿದರು.

*

ಸ್ಮಶಾನದಲ್ಲಿ ಹಿಡಿಮಣ್ಣು ಹಾಕಿ ಜನ ಚದುರಿದರು. ಟೈಪಿಸ್ಟಮ್ಮನ ಮಗಳು ಹೆಗಲ ಮೇಲೆ ಕೂಸನ್ನು ಮಲಗಿಸಿಕೊಂಡು ಸಮಾಧಿಯ ಬಳಿಯೇ ನಿಂತಿದ್ದಳು. ಹೆಡ್‌ಕ್ಲರ್ಕರು ಹತ್ತಿರ ಹೋದರು.

“ನೋಡಮ್ಮ, ನಿಮ್ಮಮ್ಮ ಮೂರು ಅರ್ಜಿ ಕೊಟ್ಟಿದ್ರು. ಮೂರನ್ನೂ ಡ್ರಾಯರಿಗೆ ಹಾಕಿದೋನು ನಾನು. ಎಲ್ಲರಿಗಿಂತ ಹೆಚ್ಚು ಸೇದ್ತಿದ್ದೋನೂ ನಾನೇ.”

ಮಗಳು ಕೂಸಿನ ಬೆನ್ನು ತಟ್ಟುತ್ತಿದ್ದಳು.

“ಗೊತ್ತು ಅಂಕಲ್. ಆಗೆಲ್ಲ ಮನೆಗೆ ಬಂದು ನಿಮಗೆ ಬಾಯಿಗೆ ಬಂದ ಹಾಗೆ ಬೈತಿದ್ಲು. ನೀವು ಸೇದೋದು ಬಿಟ್ಟಿದ್ದೂ ಅವಳಿಗೆ ಗೊತ್ತಿತ್ತು.”

ಅವರು ತಲೆ ಎತ್ತಿದರು.

“ಅಮ್ಮನ ಮೂಗು ಎಂಥದ್ದು ಅಂತ ನಿಮಗೆ ಗೊತ್ತಿಲ್ಲ. ಅದೇ ವಾರ ಹೇಳಿದ್ಲು. ನಂಗೆ ಗೊತ್ತಾಯ್ತು ಅಂದ್ರೆ ಪಾಪ, ಅವರಿಗೆ ಕೆಳಗೆ ಬರೋಕೆ ನೆಪ ಇರಲ್ಲ, ಸುಮ್ಮನಿರ್ತೀನಿ ಅಂದ್ಲು. ನೆಪ ಬೇಕಾಗಿರೋದು ಅವರಿಗಾ, ನಿನಗಾ ಅಂತ ಕೇಳಿದೆ. ಸಾರು ಉಕ್ಕುತ್ತೆ ಅಂತ ಒಳಗೆ ಹೋದ್ಲು.”

ಹೆಡ್‌ಕ್ಲರ್ಕರು ಕೈ ಜೋಡಿಸಿದರು. ಅವರು ಏನು ಕೇಳಲು ಹೊರಟಿದ್ದಾರೆಂದು ಅವಳಿಗೆ ತಿಳಿಯಿತು.

“ಕ್ಷಮಿಸಿದೆ ಅಂತ ಇವತ್ತು ನನ್ನ ಬಾಯಲ್ಲಿ ಬರಲ್ಲ ಅಂಕಲ್.”

ಬೇಡ ಎಂಬಂತೆ ಅವರು ಕೈಯಾಡಿಸಿದರು. ಅಷ್ಟರಲ್ಲಿ ಸ್ಮಶಾನದ ಕಾವಲುಗಾರ ರಿಜಿಸ್ಟರಿಗೆ ಸಹಿ ಬೇಕೆಂದು ಕರೆದ. ಮಗಳು ಸುತ್ತ ನೋಡಿದಳು. ಗಂಡ ದೂರದಲ್ಲಿ ವ್ಯಾನಿನವನ ಜೊತೆಗಿದ್ದ. ಒಂದು ಕ್ಷಣ ತಡೆದು, ಕೂಸನ್ನು ಹೆಗಲಿಂದ ಇಳಿಸಿ ಹೆಡ್‌ಕ್ಲರ್ಕರ ಕೈಗಿತ್ತಳು.

“ಸ್ವಲ್ಪ ಹಿಡ್ಕೊಳಿ. ಈಗಷ್ಟೇ ನಿದ್ದೆ ಹೋಗಿದಾಳೆ.”

ಕೂಸನ್ನು ಹೇಗೆ ಎತ್ತಿಕೊಳ್ಳಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಕೂಸೇ ಮಿಸುಕಾಡಿ, ಅವರ ಕೊರಳಪಟ್ಟಿಯೊಳಗೆ ಮೂಗು ಹುದುಗಿಸಿ, ಬಾಯಿ ಅರೆತೆರೆದು ಮತ್ತೆ ನಿದ್ದೆಗೆ ಜಾರಿತು. ಗೇಟಿನಿಂದ ಯಾರೋ ವ್ಯಾನು ಹೊರಡುತ್ತಿದೆ ಎಂದು ಕೂಗಿದರು. ಕಾಲು ಜೋಮು ಹಿಡಿದಿದ್ದರೂ ಹೆಡ್‌ಕ್ಲರ್ಕರು ಅಲುಗಾಡದೆ ನಿಂತಿದ್ದರು. ಅವರ ಅಂಗಿಯ ಮೇಲೆ ಕೂಸು ನಿರಾಳವಾಗಿ ಉಸಿರಾಡುತ್ತಿತ್ತು.