ಬೈಠಕ್ಕಿಗೆ ಬಂದ ಘಾಟು

ಬ್ಯಾಡಗಿಯ ಮೆಣಸಿನಕಾಯಿ ದಲಾಲ ಸುನೀಲಕುಮಾರನಿಗೂ ಹಾವೇರಿಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುವ ಅವನ ಅಣ್ಣನ ಹೆಂಡತಿ, ಪುಷ್ಪಲತಾ ವೈನಿಗೂ ಸಂಗೀತದ ವಿಷಯದಲ್ಲಿ ಒಂದು ದಿನವೂ ಸರಿಬಂದದ್ದಿಲ್ಲ. ಆದರೂ ದಿನಾ ಬೆಳಿಗ್ಗೆ ತಮಗೆ ಮೆಚ್ಚಿಗೆಯಾದ ಗಾಯನವೊಂದನ್ನು ವಾಟ್ಸಾಪಿನಲ್ಲಿ ಕಳಿಸದೆ ಇಬ್ಬರಿಗೂ ಚಹಾ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಪುಷ್ಪಲತಾ ಮದುವೆಯಾಗಿ ಬಂದಾಗ ಸುನೀಲ ಪಿಯುಸಿ ಓದುತ್ತಿದ್ದ. ಸೀರೆಗಳ ಜೊತೆ ಅವಳು ಒಂದು ಟ್ರಂಕಿನ ತುಂಬ ಹಿಂದೂಸ್ತಾನಿ ಸಂಗೀತದ ಕ್ಯಾಸೆಟ್ಟು ತಂದಿದ್ದಳು. ಗಂಡ ಶೇಖಪ್ಪ ಅವನ್ನೊಮ್ಮೆ ನೋಡಿ, ಇಷ್ಟು ಹಾಡೋ ತನಕ ಇವರು ಊಟ ಯಾವಾಗ ಮಾಡ್ತಿದ್ರು ಎಂದು ಕೇಳಿದ್ದಷ್ಟೇ. ಹಚ್ಚಿ ಕೇಳೋಣ ಎಂದವನು ಮೈದುನ ಒಬ್ಬನೇ. ಆದರೆ ಅವನಿಗೆ ತಾಳ್ಮೆ ಕಡಿಮೆ. ಆಲಾಪ, ವಿಲಂಬಿತ ಎಲ್ಲವನ್ನೂ ಗುಂಡಿ ಒತ್ತಿ ಓಡಿಸಿ, ತಬಲಾ ಜೋರು ಹಿಡಿಯುವ ಕೊನೆಗೇ ಹೋಗಿ ನಿಲ್ಲುತ್ತಿದ್ದ. ಊಟ ಬಿಟ್ಟು ಬರೇ ಎಲೆ ಅಡಿಕೆ ಹಾಕಿಕೊಳ್ಳುವವನು ಎಂದು ವೈನಿ ಅಂದಿನಿಂದಲೂ ಅವನನ್ನು ಆಡಿಕೊಳ್ಳುತ್ತ ಬಂದಿದ್ದಳು.

ಈಗ ಅವನಿಗೂ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಚಟ ಮಾತ್ರ ಅದೇ. ಅವಳು ಮುಕ್ಕಾಲು ತಾಸಿನ ಖ್ಯಾಲು ಕಳಿಸಿದರೆ ಅವನು ನಾಲ್ಕು ನಿಮಿಷದಲ್ಲಿ ಓಡಿ ಮುಗಿಯುವ ತರಾನಾ ಕಳಿಸುವನು. ನಿಮ್ಮ ಗವಾಯಿ ಒಂದು ಸ್ವರ ಬಿಟ್ಟು ಇನ್ನೊಂದಕ್ಕೆ ಹೋಗುವಷ್ಟರಲ್ಲಿ ನಾನು ಒಂದು ಲಾರಿ ಲೋಡು ಮಾಡಿಸಿರುತ್ತೇನೆ ಎಂದು ಅವನು ಬರೆದರೆ, ನಿನ್ನವರು ಬಸ್ಸು ತಪ್ಪಿದವರ ಹಾಗೆ ಹಾಡುತ್ತಾರೆ ಎಂದು ಅವಳು ಉತ್ತರ ಕೊಡುವಳು.

ಹೀಗಿರುವಾಗ ರಾಣೇಬೆನ್ನೂರಿನ ಬೀಜದ ವ್ಯಾಪಾರಿ ಹಾಲೇಶಪ್ಪನವರ ಮನೆಯ ಮಹಡಿಯಲ್ಲಿ ಒಂದು ಸಂಗೀತದ ಬೈಠಕ್ಕು ಏರ್ಪಾಡಾಯಿತು. ಧಾರವಾಡದಿಂದ ಹುಮಾ ಎಂಬ ಗಾಯಕಿ ಬರುವವರಿದ್ದರು. ಪುಷ್ಪಲತಾ ಮೈದುನನಿಗೆ ಫೋನು ಮಾಡಿದಳು.

"ಒಮ್ಮೆರ ಎದುರಿಗೆ ಕುಂತು ಕೇಳು. ಅಲ್ಲೆ ಓಡ್ಸಾಕ ಗುಂಡಿ ಇರಂಗಿಲ್ಲ."

ಹಿಂದೆ ಸರಿದರೆ ಜನ್ಮವಿಡೀ ಕೇಳಬೇಕಾಗುತ್ತದೆಂದು ಸುನೀಲ ಬರುತ್ತೇನೆ ಅಂದ.

ಬೈಠಕ್ಕು ಬಿದ್ದದ್ದು ಗುರುವಾರ, ಬ್ಯಾಡಗಿಯಲ್ಲಿ ಮಾರ್ಕೆಟ್ಟಿನ ದಿನ. ಸುಗ್ಗಿಯ ಕಾಲ ಬೇರೆ. ಯಾರ್ಡಿನ ತುಂಬ ಚೀಲಗಳು, ಸುರುವಿದ ರಾಶಿಗಳು, ಹಮಾಲರ ಓಡಾಟ. ಅವನು ಕೆಲಸ ಮುಗಿಸಿ ಏಳುವಷ್ಟರಲ್ಲಿ ಬಿಸಿಲು ಇಳಿದಿತ್ತು. ಸ್ನಾನಕ್ಕೆ ಪುರುಸೊತ್ತಿಲ್ಲದೆ, ಹೆಂಡತಿ ಸುನಿತಾ ಇಸ್ತ್ರಿ ಮಾಡಿಸಿ ಕಳಿಸಿದ ಅಂಗಿಯನ್ನು ಕಾರಿನಲ್ಲೇ ತೊಟ್ಟು, ಮೋಟೆಬೆನ್ನೂರು ಕ್ರಾಸಿನಲ್ಲಿ ಬಸ್ಸಿಳಿದು ಕಾಯುತ್ತಿದ್ದ ವೈನಿಯನ್ನು ಹತ್ತಿಸಿಕೊಂಡ. ಹತ್ತಿದ ಕೂಡಲೇ ಅವಳು ಅವನ ಫೋನು ಇಸಿದುಕೊಂಡು ತನ್ನ ಬ್ಯಾಗಿಗೆ ಹಾಕಿಕೊಂಡಳು. ಅದನ್ನು ಬಿಟ್ಟರೆ ಬೇರೇನೂ ಅವಳ ಗಮನಕ್ಕೆ ಬರಲಿಲ್ಲ. ಮೆಣಸಿನಕಾಯಿ ವ್ಯಾಪಾರದ ಮನೆಯಲ್ಲಿ ಬಾಳಿದವಳ ಮೂಗಿಗೆ ಅವನ ಮೈಯ ಘಾಟು ವಾಸನೆಯೇ ಅಲ್ಲ.

ಹಾಲೇಶಪ್ಪನವರು ಇಬ್ಬರನ್ನೂ ಮುಂದಿನ ಸಾಲಿನಲ್ಲೇ ಕೂರಿಸಿದರು. ಸೆಖೆಯಾಗಬಾರದೆಂದು ಹಿಂದಿನಿಂದ ಒಂದು ದೊಡ್ಡ ಫ್ಯಾನು ತಿರುಗಿಸಿದರು. ಗಾಳಿ ನೇರವಾಗಿ ಸುನೀಲನ ಬೆನ್ನು ಸವರಿಕೊಂಡು ವೇದಿಕೆಯತ್ತ ಹೋಗತೊಡಗಿತು.

ಹುಮಾ ಕಣ್ಣು ಮುಚ್ಚಿ ಪೂರಿಯಾ ಧನಾಶ್ರೀ ರಾಗ ಎತ್ತಿಕೊಂಡರು. ಮೊದಲು ಹಾರ್ಮೋನಿಯಂನವರು ಸೀನಿದರು. ತಬಲಾದವರ ಕಣ್ಣಲ್ಲಿ ನೀರು ಬಂತು. ಆಮೇಲೆ ಹುಮಾ ಅವರೇ ಸ್ವರದ ನಡುವೆ ಗಂಟಲು ಹಿಡಿದು ಕೆಮ್ಮತೊಡಗಿದರು. ನೋಡನೋಡುತ್ತಿದ್ದಂತೆ ಇಡೀ ಬೈಠಕ್ಕು ಕೆಮ್ಮಿನಲ್ಲಿ ಮುಳುಗಿತು. ಕೆಮ್ಮುವವರೆಲ್ಲ ಅಡುಗೆಮನೆಯ ಕಡೆ ನೋಡಿದರು. ಹಾಲೇಶಪ್ಪನವರ ಹೆಂಡತಿ ಮಂಗಳವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಗೆ ಬಂದು, ಒಲೆಯನ್ನೇ ಹಚ್ಚಿಲ್ಲ, ಒಗ್ಗರಣೆ ಎಲ್ಲಿಂದ ಬರಬೇಕು ಎಂದು ನೊಂದುಕೊಂಡು ಹೇಳಿದರು.

ಆಗ ಪುಷ್ಪಲತಾ ಸುತ್ತ ನೋಡಿದಳು. ಇಡೀ ಮಹಡಿಯಲ್ಲಿ ಕೆಮ್ಮದೆ ಆರಾಮಾಗಿ ಕುಳಿತವರು ಇಬ್ಬರೇ. ಒಬ್ಬಳು ತಾನು. ಇನ್ನೊಬ್ಬನ ಕಡೆಗೆ ನಿಧಾನವಾಗಿ ತಿರುಗಿದಳು. ಅವನ ಕುತ್ತಿಗೆಯ ಹಿಂದೆ, ಕಿವಿಯ ಸಂದಿನಲ್ಲಿ, ಕೆಂಪು ಧೂಳು ಸಣ್ಣಗೆ ಕೂತಿತ್ತು.

ಅವಳು ನೋಡಿದ ರೀತಿಯಲ್ಲೇ ಸುನೀಲನಿಗೆ ಎಲ್ಲ ತಿಳಿಯಿತು. ಮಂಗಳವ್ವನ ಮುಖ ನೋಡಿದ ಮೇಲೆ ಸುಮ್ಮನೆ ಕೂರಲು ಆಗಲಿಲ್ಲ. ಎದ್ದು ನಿಂತು ಕೈಮುಗಿದ.

"ಅಕ್ಕಾರ, ಅಡಿಗಿಮನಿದಲ್ರಿ ಈ ಘಾಟು. ನಂದು. ಯಾರ್ಡಿನಿಂದ ಸೀದಾ ಬಂದೇನಿ."

ಜನ ಕೆಮ್ಮುತ್ತಲೇ ನಕ್ಕರು. ಫ್ಲಾಸ್ಕಿನ ಬಿಸಿನೀರು ಕುಡಿಯುತ್ತಿದ್ದ ಹುಮಾ ಲೋಟ ಕೆಳಗಿಟ್ಟು, ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣವೇ ಹೆಚ್ಚು, ಖಾರ ಕಡಿಮೆ ಅಂತ ಕೇಳಿದ್ದೆನಲ್ಲ ಎಂದು ಕೇಳಿದರು. ಇವತ್ತು ಗುಂಟೂರಿನ ತಳಿಯ ಮಾಲು ಜಾಸ್ತಿ ಬಂದಿತ್ತು ಎಂದು ಸುನೀಲ ಬಹಳ ಗಂಭೀರವಾಗಿ ಊರಿನ ಮರ್ಯಾದೆ ಉಳಿಸಿದ. ತಾನೇ ಎದ್ದು ಮಹಡಿಯ ಹೊರಗಿನ ತೆರೆದ ಗಚ್ಚಿಗೆ ಹೋದ.

ಗಚ್ಚಿಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ, ಒಣಹಾಕಿದ ಸಂಡಿಗೆ, ಕೆಳಗೆ ರಸ್ತೆ. ಫೋನು ವೈನಿಯ ಬ್ಯಾಗಿನಲ್ಲಿತ್ತು. ಕಿಟಕಿಯಿಂದ ಹಾಡು ಮತ್ತೆ ಶುರುವಾಯಿತು. ಸ್ವಲ್ಪ ಹೊತ್ತು ಅವನು ಕಾಲು ಅಲ್ಲಾಡಿಸಿದ, ಬಸ್ಸುಗಳನ್ನು ನೋಡಿದ. ಮಾಡಲು ಬೇರೆ ಕೆಲಸವಿಲ್ಲದೆ ಕೊನೆಗೆ ಕೇಳಿದ. ಹುಮಾ ಮೇಲಿನ ಷಡ್ಜದ ಹೊಸ್ತಿಲಿಗೆ ಬಂದು, ಒಳಗೆ ಕಾಲಿಡದೆ, ಮತ್ತೆ ಹಿಂದೆ ಹೋಗುತ್ತಿದ್ದರು. ಬೇರೊಂದು ದಾರಿ ಹಿಡಿದು ಬಂದು ಮತ್ತೆ ಅಲ್ಲೇ ನಿಲ್ಲುತ್ತಿದ್ದರು. ಬರ್ರಿ, ಒಳಗ ಬರ್ರಿ ಎಂದು ಸುನೀಲ ಬಾಯೊಳಗೇ ಅಂದುಕೊಂಡ. ಹೊತ್ತು ಮುಳುಗಿ ಬೀದಿಯ ದೀಪಗಳು ಹತ್ತಿದವು. ಅವರು ಕಡೆಗೊಮ್ಮೆ ಷಡ್ಜಕ್ಕೆ ಬಂದು ನಿಂತಾಗ ಅವನ ಕೈ ತಾನಾಗಿ ಮೇಲೆದ್ದಿತ್ತು. ಆಮೇಲೆ ತಬಲಾ ಜೋರು ಹಿಡಿಯಿತು. ಅವನು ಇಷ್ಟು ವರ್ಷ ಓಡೋಡಿ ಹೋಗಿ ಕೇಳುತ್ತಿದ್ದ ಭಾಗ. ಈಗೇಕೆ ಇಷ್ಟು ಅವಸರ ಎಂದು ಅವನಿಗೆ ಸಿಟ್ಟೇ ಬಂತು.

ನಡುವೆ ಚಹಾಕ್ಕೆಂದು ಹಾಡು ನಿಂತಾಗ ಪುಷ್ಪಲತಾ ಉಪ್ಪಿಟ್ಟು ಹಿಡಿದು ಬಂದಳು. ಹೇಗಿತ್ತು ಎಂದು ಕೇಳಿದ್ದಕ್ಕೆ, ಪರವಾಗಿಲ್ಲ, ಸ್ವಲ್ಪ ಉದ್ದವಾಯಿತು ಅಂದ. ಅವಳು ಕಿಟಕಿಯಿಂದ ಎಲ್ಲ ನೋಡಿದ್ದಳು. ಹಾಲೇಶಪ್ಪನವರ ಬಚ್ಚಲಲ್ಲಿ ಅವನ ಸ್ನಾನಕ್ಕೆ ವ್ಯವಸ್ಥೆ ಮಾಡಿ, ಅವರದೇ ಒಂದು ಜುಬ್ಬಾ ಕೊಡಿಸಿದಳು. ಹಾಲೇಶಪ್ಪನವರದು ದೊಡ್ಡ ಮೈಕಟ್ಟು. ಜುಬ್ಬಾದೊಳಗೆ ಸುನೀಲ ಹುಡುಕಿದರೆ ಸಿಗುವಂತಿದ್ದ. ಇಬ್ಬರೂ ಈ ಸಲ ಹಿಂದಿನ ಗೋಡೆಗೆ ಒರಗಿ ಕೂತರು.

ಹುಮಾ ತಂಬೂರಿ ಸರಿಮಾಡಿಕೊಂಡು ಹಿಂದಿನ ಸಾಲಿನತ್ತ ನೋಡಿದರು.

"ಪುಷ್ಪಲತಾ ಟೀಚರ್ ತಮ್ಮ ಮೈದುನರ ಸಲುವಾಗಿ ಒಂದ್ ತರಾನಾ ಕೇಳ್ಯಾರ. ಶುರು ಮಾಡ್ಲ್ಯಾ?"

ವೈನಿ ತನಗಾಗಿ ಹೋಗಿ ಕೇಳಿದ್ದಾಳೆಂದು ಸುನೀಲನಿಗೆ ಗೊತ್ತಿರಲಿಲ್ಲ. ಅವನು ಜುಬ್ಬಾ ಎತ್ತಿ ಹಿಡಿದು ಅರ್ಧ ಎದ್ದ.

"ಅವಸರ ಇಲ್ರಿ. ಮೊದ್ಲ ಸಾವಕಾಶ ಏನರ ಹಾಡ್ರಿ."

ಪುಷ್ಪಲತಾ ಅವನ ಹಣೆಗೆ ಕೈಯ ಹಿಂಭಾಗ ತಾಗಿಸಿ ನೋಡಿದಳು. "ಮೈಯಾಗ ಆರಾಮ ಐತಿಲ್ಲೋ?"

"ಜುಬ್ಬಾ ದೊಡ್ಡದೈತ್ರಿ ವೈನಿ. ಇದ್ರಾಗ ಲಗೂ ಲಗೂ ಕೇಳಾಕ ಬರಂಗಿಲ್ಲ."

ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಹುಮಾ ಯಮನ್ ಎತ್ತಿಕೊಂಡು ನಿಧಾನವಾಗಿ, ಯಾರ ಮುಲಾಜೂ ಇಲ್ಲದೆ ಹಾಡಿದರು. ಕೊನೆಗೆ ತರಾನಾವನ್ನೂ ಹಾಡಿದರು. ಅದಕ್ಕೆ ತೊಡೆಯ ಮೇಲೆ ತಾಳ ಹಾಕಿದವಳು ಪುಷ್ಪಲತಾ. ಸುನೀಲ ಅದನ್ನು ಓರೆಗಣ್ಣಲ್ಲಿ ನೋಡಿ, ಕಾರಿನಲ್ಲಿ ಕೂತ ಮೇಲೆ ಕೇಳಿದ.

"ನನ್ನ ತರಾನಾ ನಿಮಗ ಸೇರಂಗಿಲ್ಲಲ್ರಿ?"

ಅವಳು ಹೊರಗೆ ನೋಡುತ್ತ ಹೇಳಿದಳು. "ನೀ ಕಳಿಸಿದ್ದು ಎಲ್ಲಾ ಕೇಳೇನಿ. ದಿನಾ ಮುಂಜಾನೆ ಅದನ್ನ ಹಚ್ಚೇ ರೊಟ್ಟಿ ಬಡೀತೇನಿ. ನಿನಗ ಹೇಳಿದ್ರ ತಲಿ ಮ್ಯಾಲೆ ಏರ್ತಿ ಅಂತ ಸುಮ್ನಿದ್ದೆ."

ಹಾವೇರಿಯ ಮನೆಯಲ್ಲಿ ಶೇಖಪ್ಪ ಕ್ರಿಕೆಟ್ ನೋಡುತ್ತಿದ್ದ. ತಮ್ಮನ ಜುಬ್ಬಾವನ್ನು ಮೇಲಿಂದ ಕೆಳಗೆ ನೋಡಿ, ಒಳಗೆ ಇನ್ನೂ ಯಾರಾದರೂ ಇದ್ದಾರೇನು ಎಂದು ಕೇಳಿದ. ಪುಷ್ಪಲತಾ ಹಾರ್ಮೋನಿಯಂನವರ ಸೀನಿನಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಸುನೀಲ ನಡುನಡುವೆ ತನಗೆ ಅನುಕೂಲವಾಗುವಂತೆ ತಿದ್ದಿದ. ಶೇಖಪ್ಪ ನಕ್ಕು ನಕ್ಕು ಟಿವಿಯ ಸದ್ದು ಕಡಿಮೆ ಮಾಡಿದ. ಮದುವೆಯಾದಾಗಿನಿಂದ ಮೊದಲ ಸಲ, ಮುಂದಿನ ಬೈಠಕ್ಕು ಯಾವಾಗ ಎಂದು ಕೇಳಿದ.