ಹಲ್ಲಿನ ಗುರುತು

ಕಾಲು ಎಷ್ಟು ಬೆಳ್ಳಗಿದೆ, ಬಿಸಿಲೇ ಕಾಣದ ಕಾಲು, ಮಂಡಿಯ ಕೆಳಗೆ ಅಂಗೈಯಗಲ ಸೀಳಿಕೊಂಡಿದೆ, ಬಚ್ಚಲಲ್ಲಿ ಜಾರಿ ಬಿದ್ದರಂತೆ, ಬೀಳಲಿ, ಎಂದುಕೊಂಡು ನರ್ಸು ಸ್ಪಿರಿಟ್ಟಿನ ಹತ್ತಿ ಒತ್ತಿದಳು, ಉರಿಯುತ್ತಮ್ಮ ಅಂದ ಮುದುಕ, ಹೌದಾ ಸಾರ್, ನಿಮಗೂ ಉರಿಯುತ್ತಾ — ವಾಚು, ಉಂಗುರ, ಹಲ್ಲುಸೆಟ್ಟು ಎಲ್ಲ ಬಿಚ್ಚಿಸಿಟ್ಟಾಗಿದೆ, ದೊಡ್ಡ ಡಾಕ್ಟರೇ ಪೇಷಂಟಾಗಿ ಬಂದಿದ್ದಾರೆ ಅಂತ ಇಡೀ ಆಸ್ಪತ್ರೆ ಕುಣಿಯುತ್ತಿದೆ, ಈ ಮುದುಕನ ಕೈಯೇ ಅಲ್ಲವೇ ತನ್ನ ಅಮ್ಮನನ್ನು ಹೊಲಿದದ್ದು, ಹೆರಿಗೆಯಲ್ಲಿ ಹರಿದದ್ದಕ್ಕೆ ಹೊಸ ಹೊಲಿಗೆ, ಪ್ರಯೋಗವೆಲ್ಲ ಕಪ್ಪು ಹೆಂಗಸರ ಮೇಲೆ, ಮರಗಟ್ಟಿಸದೆ, ಹೊಲಿದು ಬಿಚ್ಚಿ ಮತ್ತೆ ಹೊಲಿದು, ಕೈ ಪಳಗಿದ ಮೇಲೆ ಬಿಳಿಯರ ವಾರ್ಡಿಗೆ, ಅಲ್ಲಿ ಮಾತ್ರ ಇಂಜೆಕ್ಷನ್ನು, ಈಗ ಆ ಹೊಲಿಗೆಗೆ ಇವನದೇ ಹೆಸರು, ನರ್ಸಿಂಗ್ ಪರೀಕ್ಷೆಯಲ್ಲಿ ಆ ಹೆಸರು ಬರೆದೇ ಅವಳು ಪಾಸಾದದ್ದು, ಥೂ — ಅಮ್ಮ ಕಿರುಚಿದಾಗ ಹೇಳಿದನಂತೆ, ನಿಮ್ಮವರ ಚರ್ಮ ದಪ್ಪ ಕಣಮ್ಮ, ಇದು ನೋವಲ್ಲ, ಹೆದರಿಕೆ, ಈ ಟವೆಲ್ ಕಚ್ಚಿಕೋ. ಸಾಯೋವರೆಗೂ ಅಮ್ಮ ಆ ಟವೆಲ್ಲನ್ನು ಪೆಟ್ಟಿಗೆಯಲ್ಲಿಟ್ಟಳು, ಮೂಲೆಯಲ್ಲಿ ಸಾಲಾಗಿ ಹಲ್ಲಿನ ತೂತು, ಬಿಸಾಕಮ್ಮ ಅಂದರೆ ಇರಲಿ ಬಿಡೇ, ನಾನು ಸುಳ್ಳು ಹೇಳಲಿಲ್ಲ ಅನ್ನೋದಕ್ಕೆ ಇನ್ನೇನಿದೆ. ಟ್ರೇಯಲ್ಲಿ ಮರಗಟ್ಟಿಸುವ ಮದ್ದು ತುಂಬಿ ಸಿರಿಂಜು ಕೂತಿದೆ, ಚುಚ್ಚಿ, ಆಮೇಲೆ ಚಿವುಟಿ, ನೋವಾಗುತ್ತಾ ಅಂತ ಕೇಳಬೇಕು, ಅದು ಅವಳ ಕೆಲಸ, ಅಮ್ಮನನ್ನು ಯಾರು ಚಿವುಟಿ ಕೇಳಿದರು, ಸಿರಿಂಜಿನ ಮೇಲೆ ಬಟ್ಟೆ ಎಳೆದಳು, ಆಸ್ಪತ್ರೆಯ ಟವೆಲ್ಲಿನ ಮೂಲೆ ಮಡಚಿದಳು, ಬಾಯಿ ತೆಗೀರಿ ಸಾರ್, ಇದನ್ನ ಕಚ್ಚಿಕೊಳ್ಳಿ, ಯಾಕಮ್ಮ, ನಿಮಗೆ ಗೊತ್ತಿರೋದೇ ಸಾರ್, ನಿಮ್ಮದೇ ಪದ್ಧತಿ. ಅವನ ಕಣ್ಣು ಅವಳ ಕಪ್ಪು ಕೈಯ ಮೇಲೆ ನಿಂತಿತು, ಗೊತ್ತಾಯಿತಲ್ಲ, ಗೊತ್ತಾಗಲೇಬೇಕಿತ್ತು. ಕಿರಿಯ ಡಾಕ್ಟರು ಕೈಗವಸು ಏರಿಸುತ್ತಾ ಬಂದರು, ಇಂಜೆಕ್ಷನ್ ಆಯ್ತಾ ಸಿಸ್ಟರ್, ಆಯ್ತು ಡಾಕ್ಟ್ರೇ, ಎಷ್ಟು ಸಲೀಸಾಗಿ ಬಂತು ಮಾತು. ಸೂಜಿ ಇಳಿಯಿತು, ಮುದುಕ ಟವೆಲ್ಲಿನೊಳಗೇ ಊಳಿಟ್ಟ, ಏನಿದು, ಮರಗಟ್ಟಿಲ್ವಾ, ಹೆದರಿಕೆ ಡಾಕ್ಟ್ರೇ, ನೋವಲ್ಲ, ನೀವು ಹೊಲೀರಿ — ಅಮ್ಮಾ ನೋಡ್ತಿದ್ದೀಯಾ, ಬೆವರುತ್ತಿದ್ದಾನೆ, ಕಚ್ಚು ಕಣೋ, ಇನ್ನೂ ಗಟ್ಟಿಯಾಗಿ ಕಚ್ಚು, ಈ ಟವೆಲ್ಲನ್ನೂ ಅಮ್ಮನದರ ಪಕ್ಕದಲ್ಲೇ ಇಡ್ತೀನಿ. ಮುಗಿಯಿತು. ಬಾಯಿಂದ ಎಳೆದು ಬೆಳಕಿಗೆ ಹಿಡಿದಳು, ಜೊಲ್ಲಿಗೆ ಒದ್ದೆಯಾಗಿದೆ, ಅಷ್ಟೇ, ಗುರುತೇ ಇಲ್ಲ, ತಿರುಗಿಸಿ ನೋಡಿದಳು, ಇಲ್ಲ, ಹೇಗೆ — ಹಲ್ಲುಸೆಟ್ಟು, ಮೇಜು ಹತ್ತಿಸುವ ಮೊದಲು ರೂಢಿಯಂತೆ ತಾನೇ ತೆಗೆಸಿದ್ದಳಲ್ಲ, ಅಗೋ ಕಿಟಕಿಯ ಲೋಟದಲ್ಲಿ ಕಿಸಿಯುತ್ತಾ ಕೂತಿದೆ, ಕಚ್ಚಿದ್ದೆಲ್ಲ ಬರೀ ಒಸಡು, ಒಂದು ಸಲ ಒಗೆದರೆ ಈ ಟವೆಲ್ಲು ಎಲ್ಲ ಟವೆಲ್ಲಿನ ಹಾಗೆ, ಹೋಗದೆ ಉಳಿಯುವುದು ಅದೊಂದೇ, ಪೆಟ್ಟಿಗೆಯ ತಳದಲ್ಲಿ, ಆ ಮೂಲೆಯಲ್ಲಿ, ಸಾಲಾಗಿ, ಅಮ್ಮನ ಹಲ್ಲು